ಸಪ್ಪೆ ಸವತಿಕಾಯಿ

ನೀಲವ್ವನ ಮನೆಯವರ ಸಾವಯವ ತೋಟದಲ್ಲಿ ಪ್ರತಿ ಗಿರಾಕಿಯ ಹೆಸರಿಗೂ ಒಂದೊಂದು ಸಾಲು. ಆ ಸಾಲಿನ ಕಾಯಿ ಅವರ ನಾಲಿಗೆಗಷ್ಟೇ ರುಚಿ, ಉಳಿದವರಿಗೆ ಸಪ್ಪೆ. ಸಾಲು ಬಾಡಿತೆಂದರೆ ಆ ಗಿರಾಕಿ ಹೆಚ್ಚು ದಿನ ಬದುಕುವುದಿಲ್ಲ. ಆಗ ತೋಟದವರು ತಮ್ಮದೇ ಸಾಲಿನಿಂದ ಅವರ ಬುಟ್ಟಿ ತುಂಬಿ ಸುಮ್ಮನಿರುವುದು ಮನೆಯ ರೂಢಿ.

ಶನಿವಾರ ತಮ್ಮ ಮತ್ತು ಹೆಂಡತಿಯ ವಾರದ ಪಾಲು ಒಯ್ಯಲು ಬಂದ ದುಂಡಪ್ಪ ಮಾಸ್ತರರು ಎಂದಿನಂತೆ ತಮ್ಮ ಬುಟ್ಟಿಯ ಸವತಿಕಾಯಿಯೊಂದನ್ನು ಅಲ್ಲೇ ಕಡಿದರು. ಅವರ ಈ ಚಟ ನೀಲವ್ವನಿಗೆ ಮರೆತೇಹೋಗಿತ್ತು.

ಮಾಸ್ತರರು ನಿಧಾನವಾಗಿ ಅಗಿದು ನುಂಗಿದರು.

"ಯಾವಾಗ ಬಾಡಿತವಾ?"

"ಇವತ್ತ ಮುಂಜಾನೆ ರೀ."

"ನಮ್ಮಾಕಿ ಸಾಲು?"

"ಹಚ್ಚಗ ಐತ್ರಿ. ಹೂ ಬಿಟ್ಟೈತಿ."

ಅವರು ಉಳಿದ ಅರ್ಧವನ್ನೂ ತಿಂದು ಮುಗಿಸಿದರು.

"ಹಂಗಾದ್ರ ಮುಂದ ಆಕಿ ಬುಟ್ಟಿ ಮನಿಗೇ ಮುಟ್ಟಿಸವಾ. ಆಕಿಗೆ ಇಲ್ಲೀತನಕ ನಡೀಲಿಕ್ಕೆ ಆಗೂದಿಲ್ಲ."