ಮಿಸ್ ಮಂದಾರಳ ಫ್ಲೆಕ್ಸ್

ಫ್ಲೆಕ್ಸ್ ಕಟ್ಟಿ, ಏಣಿ ಇಳಿದು, ತಲೆ ಎತ್ತಿದಾಗಲೇ ಕೊಟ್ರೇಶನಿಗೆ ತಪ್ಪು ಕಂಡದ್ದು. ವೇದಿಕೆಯ ಮೇಲೆ ‘ಗಾನತಾರೆ ಮಿಸ್ ಮಂದಾರ, ನೆನಪಿನ ನಮನ’ ಎಂದು ಬರೆದಿತ್ತು. ಹೆಸರಿನ ಮೇಲೆ ಮಾತ್ರ, ತಲೆ ತುಂಬ ಸೆರಗು ಹೊದ್ದ ಮುದುಕಿಯೊಬ್ಬಳು ನಗುತ್ತಿದ್ದಳು.

ನಿಟ್ಟುವಳ್ಳಿಯ ಅವನ ಅಂಗಡಿಯಲ್ಲಿ ಸತ್ತವರಿಗೆಲ್ಲ ಒಂದೇ ಚೌಕಟ್ಟು: ಎರಡು ದೀಪ, ಒಂದು ಕಮಲ, ಹಿಂದೆ ಮೋಡ. ಫೋಟೋ, ಹೆಸರು ಕೂರಿಸಿದರೆ ಮುಗಿಯಿತು. ನಿನ್ನೆ ಅಂಥ ಎರಡು ಕೆಲಸ ಒಟ್ಟಿಗೆ ಬಂದಿದ್ದವು. ಹೆಸರು ಸರಿಯಾಗಿಯೇ ಕೂತವು, ಫೋಟೋ ಅದಲುಬದಲಾದವು. ಈ ಮುದುಕಿ ನಂದಿಗುಡಿಯ ಉಡಚಮ್ಮ. ಇಂದು ಅವಳ ಹನ್ನೊಂದನೇ ದಿನದ ಕಾರ್ಯ. ಅಂದರೆ ಮಿನುಗುವ ಅಂಗಿ ತೊಟ್ಟ ಮಂದಾರ ಬೆಳಗಿನ ಬಸ್ಸಿನಲ್ಲಿ ಸುರುಳಿಯಾಗಿ ಹೋಗಿ ಆ ಮನೆ ಸೇರಿರಬೇಕು.

ಅಭಿಮಾನಿ ಸಂಘದ ಅಧ್ಯಕ್ಷ ಉಜ್ಜನಪ್ಪ ಬಂದರು. ಅವರ ಹುಟ್ಟುಹಬ್ಬ, ಚುನಾವಣೆ, ಮೊಮ್ಮಕ್ಕಳ ನಾಮಕರಣ, ಎಲ್ಲದರ ಫ್ಲೆಕ್ಸೂ ಕೊಟ್ರೇಶನದೇ. ಅವರು ಕೈಬಿಟ್ಟರೆ ಅಂಗಡಿಗೆ ಬೀಗವೇ ಗತಿ.

“ಯಾರೋ ಇದು?”

ಕೊಟ್ರೇಶ್ ಬಾಯಿ ತೆರೆಯುವ ಮೊದಲೇ, ಆರ್ಕೆಸ್ಟ್ರಾದಲ್ಲಿ ಹಾಡುವ ರೂಪಶ್ರೀ ನಡುವೆ ಬಂದಳು. “ಅಯ್ಯ, ವಯಸ್ಸಾದ ಮೇಲಿನ ಫೋಟೋ! ನಕ್ಕರೆ ಎಡಗೆನ್ನೆಗೆ ಮಾತ್ರ ಗುಳಿ, ನೋಡ್ರಿ, ಹಂಗೇ ಐತೆ. ಎಲ್ಲಿ ಸಿಕ್ತ್ರಿ ನಿಮಗೆ?”

ಉಜ್ಜನಪ್ಪ ಫ್ಲೆಕ್ಸನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. “ಮುಂಬೈದಾಗೆ ನಾನೇ ತಗದಿದ್ದಮ್ಮ. ಪಾಪ, ಕಾಯಿಲೆ ಮುದುಕಿ ಮಾಡಿತ್ತು.”

ನಂಬಿದ ಕಣ್ಣಿಗೆ ಗುಳಿಯೂ ಕಾಣುತ್ತದೆ ಎಂದುಕೊಂಡ ಕೊಟ್ರೇಶ್.

ಅಧ್ಯಕ್ಷರು ಮೈಕ್ ಹಿಡಿದರು. ಹರಿಹರದ ಗಣಪತಿ ಪೆಂಡಾಲಿನಲ್ಲಿ ಹಾಡುತ್ತಿದ್ದ ಹುಡುಗಿ. ಆಮೇಲೆ ಹೊಲಿಗೆ ಅಂಗಡಿಯಿಂದ ಲಾರಿಯವರೆಗೆ ಎಲ್ಲೆಲ್ಲೂ ಅವಳದೇ ಕ್ಯಾಸೆಟ್ಟು. ನಾಯಕಿಯಾಗಿ ಒಂಬತ್ತು ಸಿನಿಮಾ. ಇಪ್ಪತ್ತೈದಕ್ಕೇ ಅರ್ಧ ಚಿತ್ರೀಕರಣ ಬಿಟ್ಟು ಮಾಯ. “ಹತ್ತು ವರ್ಷದ ಹಿಂದೆ ಮುಂಬೈದಾಗೆ ತೀರಿಕೊಂಡ್ರು. ಆ ಚಟ್ಟಕ್ಕೆ ಹೆಗಲು ಕೊಟ್ಟ ಒಬ್ಬನೇ ಕನ್ನಡಿಗ ನಾನು!”

ಪ್ರತಿ ವರ್ಷದಂತೆ ಚಪ್ಪಾಳೆ ಬಿತ್ತು. ಕೊಟ್ರೇಶ್ ಹಿಂಬಾಗಿಲಿನಿಂದ ಹೊರಬಿದ್ದು ಬೈಕ್ ಹತ್ತಿದ. ಇಲ್ಲಿ ಪಾರಾದದ್ದಾಯಿತು. ಅಲ್ಲಿ?

ಹರಿಹರ ದಾಟುವಾಗ ಉಡಚಮ್ಮನ ಗಂಡ ಸೂರಪ್ಪ ನೆನಪಾದ. ನಿನ್ನೆ ಅಂಗಡಿಗೆ ಬಂದವನು, ಕಂಪ್ಯೂಟರಿನಲ್ಲಿದ್ದ ಮಂದಾರಳನ್ನು ಕಂಡು ತಲೆಯ ರುಮಾಲು ತೆಗೆದಿದ್ದ.

“ಈಕಿ ಯಾವಾಗ ತೀರಿದ್ಲಂತೆ?”

“ಹತ್ತು ವರ್ಷ ಆತಂತಜ್ಜ. ಮುಂಬೈದಾಗೆ.”

“ಹಂಗಂತಾರಾ?” ಮುದುಕ ಸಣ್ಣಗೆ ನಕ್ಕಿದ್ದ.

ಹಳೆಯ ಅಭಿಮಾನಿ ಇರಬೇಕು. ಆದರೇನು? ಹೆಂಡತಿಯ ಕಾರ್ಯದ ದಿನ ಮನೆ ಮುಂದೆ ಸಿನಿಮಾದವಳನ್ನು ತೂಗುಹಾಕಿದರೆ ಯಾವ ಗಂಡ ಸುಮ್ಮನಿದ್ದಾನು? ಹೊಡೆದರೆ ಹೊಡೆಸಿಕೊಳ್ಳುವುದೆಂದು ಗಟ್ಟಿ ಮಾಡಿಕೊಂಡ.

ನಂದಿಗುಡಿಯ ಮನೆ ಮುಂದೆ ಪಂಕ್ತಿ ಕೂತಿತ್ತು. ಬೇವಿನ ಮರಕ್ಕೆ ಕಟ್ಟಿದ ಫ್ಲೆಕ್ಸಿನಲ್ಲಿ ಮಂದಾರ ಮೈಕ್ ಹಿಡಿದು ನಗುತ್ತಿದ್ದಳು. ಕೆಳಗೆ ‘ದಿವಂಗತ ಉಡಚಮ್ಮ’.

“ಇದೇನವ್ವ ಅವತಾರ!” ಬಡಿಸುತ್ತಿದ್ದ ನೆರೆಮನೆಯ ಊರಮ್ಮ ಸಾರಿನ ಸೌಟು ಹಿಡಿದೇ ನಿಂತಿದ್ದಳು. “ಮದುವಿ ಮನ್ಯಾಗೆ ಸೋಬಾನೆ ಹಾಡು ಅಂದ್ರೂ ಬಾಯಿ ತೆಗೀತಿರಲಿಲ್ಲ ಆಕಿ. ಕೈಯಾಗೆ ಮೈಕು ಕೊಟ್ಟಾರೆ!”

ಕೊಟ್ರೇಶ್ ಸೂರಪ್ಪನ ಕಾಲು ಹಿಡಿದ. “ತಪ್ಪಾತಜ್ಜ. ಈಗ್ಲೇ ಬಿಚ್ಚಿ ಒಯ್ತೀನಿ.”

“ಬಿಚ್ಚಬ್ಯಾಡ.” ಮುದುಕನ ಕಣ್ಣು ಚಿತ್ರದಿಂದ ಕದಲಲಿಲ್ಲ. ಕೊಟ್ರೇಶನ ರಟ್ಟೆ ಹಿಡಿದೆತ್ತಿ, ಮರದ ಹಿಂದಕ್ಕೆ ಕರೆದೊಯ್ದು, ದನಿ ತಗ್ಗಿಸಿದ.

“ಆಣೆ ಹಾಕಿಸಿಕೊಂಡಿದ್ಲು, ನಲವತ್ತು ವರ್ಷ ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಇಬ್ರೂ ಒಬ್ಬಾಕೀನೇ ಅಂತ ನಿನಗ ಯಾರು ಹೇಳಿದ್ರು?”