ಕರೆಯಬಾರದ ಹೆಸರು

“ರೀ… ಕೇಳಸ್ತದೇನ್ರೀ?” ಹಿಮದ ಗವಿಯ ಬಾಯಿಗೆ ಉರುಳಿಬಿದ್ದ ಮಂಜುಗಡ್ಡೆಯ ಸಂದಿಗೆ ಮುಖವೊತ್ತಿ ಜಾನಕೀಬಾಯಿ ಕೂಗಿದಳು. ಒಳಗೆ ಸಿಕ್ಕಿಬಿದ್ದ ಗಂಡ ಓಗೊಡಲಿಲ್ಲ. ಹಿಮದ ಸ್ಕೂಟರಿನಲ್ಲಿ ಅವರನ್ನು ಕರೆತಂದಿದ್ದ ಕಾಶ್ಮೀರಿ ಗೈಡ್ ಕೊಡಲಿ ಎತ್ತಿ ನಿಂತಿದ್ದ. ಗಂಡ ಯಾವ ಕಡೆ ಇದ್ದಾನೆಂದು ತಿಳಿಯದೆ ಹೊಡೆದರೆ ಗಡ್ಡೆ ಆತನ ಮೇಲೇ ಕುಸಿಯುತ್ತದೆ. ಚಳಿಗೆ ಮಂಪರು ಹತ್ತಿರಬೇಕು, ಹೆಸರು ಹಿಡಿದು ಕರೆಯಿರಿ ಎಂದು ಉರ್ದುವಿನಲ್ಲಿ ಅವಸರಿಸಿದ.

ಗಂಡನ ಹೆಸರೆತ್ತಿದರೆ ಆತನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಆಳಂದದ ಅತ್ತೆ ಹೇಳಿದ್ದಳು. ಇಪ್ಪತ್ತು ವರ್ಷದಿಂದ ಜಾನಕೀಬಾಯಿ ಆ ಹೆಸರನ್ನು ಉಸುರಿರಲಿಲ್ಲ. ಕರೆದರೂ ಭಯ, ಕರೆಯದಿದ್ದರೂ ಭಯ.

“ಯಾ ಅಲ್ಲಾ, ಕರೀ ಬೇ! ನಿಮ್ಮತ್ತಿ ಇಲ್ಲೀತನಕ ಬರ್ತಾಳೇನ?” ಪ್ರವಾಸಕ್ಕೆ ಜೊತೆಗೆ ಬಂದಿದ್ದ ನೆರೆಮನೆಯ ಅಜೀಜಾಬಿ ರೇಗಿದಳು. “ಇಲ್ಲಂದ್ರ ನಾನೇ ಕರೀತೇನಿ.”

“ನೀ ಬ್ಯಾಡ!” ಎಂದು ಜಾನಕೀಬಾಯಿ ಕಣ್ಣು ಮುಚ್ಚಿದಳು. ಒಡಪಿನಲ್ಲಿ, ಪದ್ಯದೊಳಗೆ ಹೆಸರು ಸೇರಿಸಿ ಹೇಳಿದರೆ ದೋಷವಿಲ್ಲ. ಮದುವೆಯ ದಿನ ಹೆಂಗಸರು ಹೊಸ್ತಿಲಲ್ಲಿ ತಡೆದಾಗ ಪ್ರಾಸ ಹಚ್ಚಿ ಹೇಳಿದ್ದಳಲ್ಲ. ಗಂಟಲು ಹರಿಯುವಂತೆ ಕೂಗಿದಳು:

“ಹಿಮದ ಗವಿಯೊಳಗ ಗಾಳಿಲ್ಲ, ಬೆಳಕಿಲ್ಲ,
ಜಯತೀರ್ಥರಾಯರ ಬಿಟ್ಟು ನಾ ಆಳಂದಕ್ಕ ಹೋಗೂದಿಲ್ಲ!”

ಬಲಗಡೆಯ ಗಡ್ಡೆಯ ಹಿಂದಿನಿಂದ ಕ್ಷೀಣ ದನಿಯೊಂದು ಬಂತು. “ಇನ್ನೊಮ್ಮೆ ಹೇಳ.”

ಗೈಡ್ ದನಿ ಬಂದ ಕಡೆ ಬಿಟ್ಟು ಎಡಗಡೆಗೆ ಕೊಡಲಿ ಹಾಕಿದ.