ಮೆಂತೇಪಲ್ಯದ ಕಾಯ್ದೆ

"ಇದೇನಿದು, ಗಾಯಕ್ಕ ಕಟ್ಟೂ ಪಟ್ಟಿ ಏನು?" ನಿವೃತ್ತ ಅಧಿಕಾರಿ ಯಜ್ಞೇಶ್ವರರು ಸೀಟಿನ ಮೇಲಿದ್ದ ಬಿಳಿ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಅಂಚಿಗಿಟ್ಟು, ಆರಾಮವಾಗಿ ಕುಳಿತೇಬಿಟ್ಟರು.

ಆಗಲೇ ಗರಗದ ಬಸ್ಸಿನೊಳಗೆ ಜನರನ್ನು ಸರಿಸುತ್ತ ಮಾಯಾ ಬಂದಳು. ಧಾರವಾಡದ ಕೋರ್ಟಿನಿಂದ ನೇರ ಓಡಿಬಂದ ವಕೀಲೆ. ಸೀಟು ಹಿಡಿಯಲು ಕಿಟಕಿಯಿಂದ ಒಗೆಯೋಣವೆಂದರೆ ಕರ್ಚೀಫು ಸಿಗದೆ, ಕೊರಳಪಟ್ಟಿಯನ್ನೇ ಬಿಚ್ಚಿ ಒಗೆದಿದ್ದಳು. ಹಿಂದೆ ತಾಯಿ ಮುದಕವ್ವ ಕೋಲೂರಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ಹೋದ ತಿಂಗಳಷ್ಟೇ ಮೊಣಕಾಲಿನ ಆಪರೇಶನ್ ಆಗಿತ್ತು. ಗರಗದವರೆಗೆ ನಿಂತು ಹೋಗುವುದು ಆಕೆಯಿಂದ ಆಗದ ಮಾತು.

"ಸರ್, ಅದು ನನ್ನ ವಕೀಲಕಿ ಪಟ್ಟಿರಿ. ನಮ್ಮವ್ವಗ ಸೀಟ್ ಹಿಡದಿದ್ದೆ."

"ಟಾವೆಲ್ ಇದ್ರ ಒಪ್ಪತಿದ್ದೆ, ಕರ್ಚೀಫ್ ಇದ್ರೂ ಒಪ್ಪತಿದ್ದೆ. ಪಟ್ಟಿ ಒಗದ್ರ ಸೀಟ್ ಸಿಗತದ ಅಂತ ಎಲ್ಲೆ ಬರದದ, ತೋರಸ್ರಿ."

ಬರೆದಿಲ್ಲದ್ದು ಕಾಯ್ದೆಯೇ ಅಲ್ಲವೆಂದು ಬೆಳಿಗ್ಗೆಯಷ್ಟೇ ಕೋರ್ಟಿನಲ್ಲಿ ಗಂಟಲು ಹರಿದುಕೊಂಡವಳು ಮಾಯಾಳೇ! ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಇಷ್ಟು ಸಿಕ್ಕರೆ ಬಸ್ಸಿನ ಜನಕ್ಕೆ ಬೇರೇನು ಬೇಕು? "ಬಟ್ಟಿ ಅಂದ್ರ ಬಟ್ಟಿ" ಎಂದರು ಕೆಲವರು. "ಅಂಗೈಯಗಲ ಬಟ್ಟಿಗೆ ಇಡೀ ಸೀಟೇನು?" ಎಂದಿತು ಇನ್ನೊಂದು ದನಿ. ಹಿಂದಿನ ಸೀಟಿನ ಖಾಜಾಸಾಬ ಕೈಯೆತ್ತಿದ.

"ಹೋದ ವಾರ ನಾ ಒಂದು ಸೂಡು ಮೆಂತೇಪಲ್ಯ ಒಗದಿದ್ದೆ. ಬಸ್ಸಿನ್ಯಾಗ ಕಾಲಿಡಾಕ ಜಾಗ ಇರಲಿಲ್ಲ. ಒಬ್ರರ ಅದರ ಮ್ಯಾಲ ಕುಂತ್ರೇನು? ಕೇಳ್ರಿ."

"ಖರೇ ಐತಿ!" ಎಂದು ನಾಲ್ಕಾರು ಜನ ಒಮ್ಮೆಗೇ ಕೂಗಿದರು.

ಮೆಂತೇಪಲ್ಯದ ಸೊಪ್ಪಿಗೇ ಅಷ್ಟು ಮರ್ಯಾದೆ ಇದ್ದ ಮೇಲೆ ಯಜ್ಞೇಶ್ವರರು ಇನ್ನೇನು ಹೇಳಿಯಾರು? "ಎಂಥಾ ಕಾಲ ಬಂತಪಾ" ಎಂದು ಗೊಣಗುತ್ತ ಎದ್ದರು. ಮುದಕವ್ವ ಕುಳಿತು, ಕಾಲು ಚಾಚಿ, "ಹುಶ್ಶಪ್ಪಾ" ಎಂದಳು. ಮಾಯಾಳಿಗೂ ಜೀವ ತಣ್ಣಗಾಯಿತು. ಖಾಜಾಸಾಬ ತನ್ನ ಚೀಲ ಕೆಳಗಿಳಿಸಿ ಯಜ್ಞೇಶ್ವರರಿಗೂ ಪಕ್ಕದಲ್ಲಿ ಜಾಗ ಮಾಡಿಕೊಟ್ಟ.

ಡ್ರೈವರನ ಚಹಾ ಇನ್ನೂ ಮುಗಿದಿರಲಿಲ್ಲ. ಇಷ್ಟೆಲ್ಲ ವಾದಿಸಿ ಬಾಯಾರಿದ ಯಜ್ಞೇಶ್ವರರು ನೀರಿನ ಬಾಟ್ಲಿ ತರಲು ಎದ್ದರು. ಅತ್ತಿತ್ತ ನೋಡಿ, ಕಿಸೆಯಿಂದ ಚಾಳೀಸಿನ ಕನ್ನಡಕದ ಡಬ್ಬಿ ತೆಗೆದು, ಸೀಟಿನ ನಟ್ಟನಡುವೆ ಇಟ್ಟು ಇಳಿದರು.

ಅಷ್ಟರಲ್ಲಿ ಹತ್ತಿದ ಯುವಕನೊಬ್ಬ ಆ ಸೀಟಿನತ್ತ ಬಗ್ಗಿದ. "ಇಲ್ಲಿ ಯಾರರ ಅದಾರೇನ್ರಿ?"

ಮುದಕವ್ವ ಹಿಂದೆ ಹೊರಳಿ ಕೋಲು ಅಡ್ಡ ಹಿಡಿದಳು.

"ಕಾಣೂದಿಲ್ಲೇನೋ ತಮ್ಮಾ? ಸಾಹೇಬ್ರು ಕುಂತಾರಲ್ಲ!"